ಎರಡು-ನಾಲ್ಕು

ನಾಗದೇವಿ ಬೀದಿಯ ಕೌಂಟರಿನ ಮೇಲೆ
ಸ್ಯಾಂಡರ್ ಮೂರನ್ನೂ ಸಾಲಾಗಿ ಇಟ್ಟ ತಾಹೇರ್‌ಭಾಯಿ:
ಮುಷ್ಟಿಯೊಳಗೆ ಕೂರುವ ಚೌಕದ್ದು,
ಐದಿಂಚಿನ ದುಂಡು, ಆರಿಂಚಿನ ದುಂಡು.
"ಒಂದೇ ಇಂಚಿನ ಫರಕು" ಎಂದೆ.
"ಇಂಚಲ್ಲ ಮಿಸ್ತ್ರಿ, ಅರ್ಧ ದಿನ" ಎಂದು
ಪ್ಲಗ್ ಚುಚ್ಚಿ, ಸಾಗುವಾನಿಯ ತುಂಡೊಂದನ್ನು ಮುಂದೆ ನೂಕಿದ.

ಆರಿಂಚಿನದನ್ನು ಎತ್ತಿದೆ. ಅಬ್ಬ,
ತಾನೇ ಮುಂದೆ ನಡೆದು ನನ್ನನ್ನು ಎಳೆಯಿತು.
ಎಂಟಾಳು ಕೂರುವ ಮೇಜು ಇದಕ್ಕೆ ಒಂದು ತುತ್ತು.
ಚೌಕದ್ದು ಮೂಲೆ ಮೂಲೆಗೆ ಮೂಗು ತೂರಿಸುತ್ತದೆ,
ಆದರೆ ಒಂದು ಬಾಗಿಲು ಮುಗಿಯುವುದರೊಳಗೆ
ಏಕಾದಶಿ ಹೋಗಿ ದ್ವಾದಶಿ.
ಐದಿಂಚಿನದು ನಡುವಿನ ಮಗನ ಹಾಗೆ
ತಕರಾರಿಲ್ಲದೆ ಕೂತಿತ್ತು.

ತೂಕ ನೋಡಿದೆ. ದೂಳಿನ ಚೀಲ ಬಿಚ್ಚಿ ನೋಡಿದೆ.
ಎಂಬತ್ತರದು, ನೂರಿಪ್ಪತ್ತರದು,
ಆರಿಂಚಿನ ಹಾಳೆ ನಮ್ಮ ಕಳವಾದಲ್ಲಿ ಸಿಗುತ್ತದೋ ಕೇಳಿದೆ.
ನನ್ನದೆಲ್ಲ ಮುಗಿದ ಮೇಲೆ ಅವನದು ಒಂದೇ ಪ್ರಶ್ನೆ:
"ಹಿಡಿಯೋರು ಯಾರು? ನೀವೇನಾ?"

ನಾನಲ್ಲ.
ಕೊಯ್ಯುವುದು ನಾನು, ಕೂಡಿಸುವುದು ನಾನು,
ಗಿರಾಕಿಯ ಮುಂದೆ ಹಲ್ಲು ಕಿರಿಯುವುದೂ ನಾನು.
ತಿಕ್ಕುವವಳು ಕಸ್ತೂರಿ, ಹನ್ನೊಂದು ವರ್ಷದಿಂದ.
ಮರದ ತುಂಡಿಗೆ ಕಾಗದ ಸುತ್ತಿ, ಸೆರಗು ಮೂಗಿಗೆ ಕಟ್ಟಿ,
ಕಣ್ಣು ಮುಚ್ಚಿ ಹಲಗೆಯ ಮೇಲೆ ಕೈಯಾಡಿಸಿ
"ಇನ್ನೂ ಒರಟೈತಿ ಇಲ್ಲಿ" ಅನ್ನುವವಳು.

"ಅವರ ಕೈ ಎಷ್ಟು?" ಅಂದ.
ಹಲಗೆ ಕಂಡರೆ ದಪ್ಪ ಹೇಳುವ ನಾನು,
ಟೇಪಿಲ್ಲದೆ ಚೌಕಟ್ಟು ಅಳೆಯುವ ನಾನು,
ಗಾಳಿಯಲ್ಲಿ ಬೆರಳಗಲಿಸಿದೆ, ಮಡಚಿದೆ,
ಇಷ್ಟು ಅಂದೆ, ಅಲ್ಲ, ಇಷ್ಟು ಅಂದೆ.
ಕೊನೆಗೆ ನೆನಪಾದದ್ದು ಬಳೆಗಾರನಿಗೆ ಹೇಳುವ ಲೆಕ್ಕ:
ಎರಡು-ನಾಲ್ಕು.
ಅದೂ ಲಗ್ನದ ವರ್ಷದ್ದು.
ಕೆಲಸದಲ್ಲಿ ಒಡೆಯುತ್ತವೆಂದು ಆಮೇಲೆ
ಬಳೆ ಬಿಟ್ಟಳು. ಯಾವಾಗ ಅಂತ
ನಾನು ಕೇಳಿದವನಲ್ಲ.

ಫೋನು ಹಚ್ಚಿದೆ. ಮೂರನ್ನೂ ವರ್ಣಿಸಿದೆ, ಬೆಲೆ ಸಮೇತ.
ಆ ಕಡೆ ಕುಕ್ಕರ್ ಕೂಗಿ ಸುಮ್ಮನಾಯಿತು.
"ಗಡಬಡ ಮಾಡಬ್ಯಾಡ್ರಿ. ಸೋಮವಾರ ಬರ್ತೀನಿ.
ನನ್ನ ಕೈ ನಾನ ತರ್ತೀನಿ."

ತಾಹೇರ್‌ಭಾಯಿ ನಕ್ಕ. ಚೀಟಿಯಲ್ಲಿ ಬೆಲೆ ಬರೆದುಕೊಟ್ಟು
ಸೋಮವಾರದ ತನಕ ಇಷ್ಟೇ ಎಂದ.
ಮಸೀದಿ ಸ್ಟೇಷನ್ನಿನಲ್ಲಿ ಸ್ಲೋ ಗಾಡಿ ಹತ್ತಿ
ಮೇಲಿನ ಹಿಡಿಕೆಗೆ ಜೋತುಬಿದ್ದೆ.
ಬೈಕಲಾ ದಾಟಿದರೂ ಅಂಗೈಯಲ್ಲಿ
ಆರಿಂಚಿನ ಆ ಗುಂಯ್ ಇಳಿದಿರಲಿಲ್ಲ.
ಚೀಲದಲ್ಲಿ ಇನ್ನೂರಿಪ್ಪತ್ತರ ನಾಲ್ಕು ಹಾಳೆ,
ಇವತ್ತಿನ ರಾತ್ರಿಗೆ.
ತಿಕ್ಕುವವರು ಯಾರೆಂದು ಮಾತಾಗಿರಲಿಲ್ಲ.