ಕಾಯೋದೆ

ಉಪ್ಪಳದ ಮೀನು ಮಾರ್ಕೆಟ್ ದಾಟಿ ಎಡಕ್ಕೆ
ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ.
ಬೋರ್ಡು ಮಲಯಾಳದಲ್ಲಿ, ಬೈಗುಳ ತುಳುವಿನಲ್ಲಿ,
ಸಾಲದ ಪುಸ್ತಕ ಮಾತ್ರ ಕನ್ನಡದಲ್ಲಿ.

ಮೇಲಿನ ರೂಮಿಗೆ ಸೆವೆನ್ಸ್ ಫುಟ್‌ಬಾಲ್ ಆಡಲು ಬಂದವ
ಇಬಾದಾನಿನ ಹುಡುಗ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ.
ಹೆಸರೇನು ಅಂದೆ. ಕಾಯೋದೆ, ಅಂದ.
ಎಂತ ಕಾಯೋದು ಮಾರಾಯ? ನಾನು ನಕ್ಕೆ.
ಅರ್ಥವಾಗದಿದ್ದರೂ ಅವನೂ ನಕ್ಕ.
ಮೊಣಕಾಲಿಗೆ ಪೆಟ್ಟಾಗಿ ಐದು ವಾರ ಬೆಂಚಿನ ಮೇಲೆ.
ದುಡ್ಡು ಕೇಳಿದರೆ ಮ್ಯಾನೇಜರ್ ಸಜೇಶ ಹೇಳುವುದು
ನಾಳೆ, ನಾಳೆ.
ಹೆಸರು ಸರಿಯಾಗಿಯೇ ಉಂಟು.

ಅವನ ಸ್ಪೀಕರಿಗೆ ಗಂಟಲು ಕಟ್ಟಿತ್ತು.
ಬಿಚ್ಚಿದರೆ ಒಳಗೆಲ್ಲ ಮೈದಾನದ ಕೆಂಪು ಧೂಳು.
ಉಜ್ಜಿ, ಬೆಸುಗೆ ಇಟ್ಟು, ಗುಂಡಿ ಒತ್ತಿದೆ.
ಬಂತು: ಎಣ್ಣೆ ಸವರಿದಂಥ ದನಿ,
ಅವಸರವೇ ಗೊತ್ತಿಲ್ಲದ ಗಿಟಾರು, ಕೆಳಗೆ
ಪಕ್ಕದ ಕೋಣೆಯಲ್ಲಿ ಯಾರೋ ನಡೆದಾಡಿದ ಹಾಗೆ ಡ್ರಮ್ಮು.

ಈ ವರ್ಷದ್ದು, ಅಂದ. ಲಂಡನ್ನಿನಲ್ಲೂ ಕುಣಿಯುತ್ತಾರೆ.
ಪೂರಾ ಕಂಪ್ಯೂಟರು. ಆದರೆ ಇಲ್ಲಿ ಕೇಳು, ಇಲ್ಲಿ,
ಇದು ನನ್ನ ಅಜ್ಜನ ಕಂಕುಳು.

ಅಜ್ಜ, ನಡು ಸಪೂರದ ಡೋಲೊಂದನ್ನು
ಕಂಕುಳಲ್ಲಿ ಅಮುಕಿ ಬಾರಿಸುತ್ತಿದ್ದನಂತೆ.
ಅಮುಕಿದರೆ ಏರು, ಸಡಿಲಿಸಿದರೆ ಇಳಿ;
ಮಾತಿನ ಏರಿಳಿತ ಹಿಡಿದು ತೊಗಲೇ ಮಾತಾಡುತ್ತಿತ್ತು.
ಮದುವೆಗೆ ಬಂದವರನ್ನು ಹೆಸರು ಹಿಡಿದು ಹೊಗಳುತ್ತಿತ್ತು,
ಕಾಸು ಕೊಡದೆ ಜಾರುವವರನ್ನೂ ಹೆಸರು ಹಿಡಿದೇ.

ಹಾಗಾದರೆ ಸಜೇಶನ ಹೆಸರು ಬಾರಿಸು, ಅಂದೆ.
ಕೌಂಟರಿನ ಮೇಲೆ ಮೂರು ಪೆಟ್ಟು.
ಗಾಜು ಒಡೆಯಲಿಲ್ಲ, ಪುಣ್ಯ.

ಅಷ್ಟರಲ್ಲಿ ರೀಚಾರ್ಜಿಗೆಂದು ಬಂದಳು ದುಗ್ಗು,
ಬೀಡಿ ಎಲೆಯ ಕಟ್ಟು ಕಂಕುಳಲ್ಲಿ.
ಪ್ರಾಯದಲ್ಲಿ ತೆಂಬರೆ ಬಾರಿಸಿ ಪಾಡ್ದನ ಹೇಳಿದವಳು.
ನಿಂತು ಕೇಳಿದಳು. ಬೆರಳು ತಾನಾಗಿ ಎಲೆಯ ಮೇಲೆ.
ಆಮೇಲೆ ತುಳುವಿನಲ್ಲಿ ತೀರ್ಪು:
ಲಾಯ್ಕುಂಟು. ಆದರೆ ಒಂದು ಪೆಟ್ಟು ಕಡಿಮೆ.

ಅದನ್ನು ನನ್ನ ಮುರುಕು ಇಂಗ್ಲಿಷಿಗೆ ದಾಟಿಸಿದೆ.
ಕಾಯೋದೆ ತಲೆಯಲ್ಲಾಡಿಸಿದ.
ಕಡಿಮೆಯಲ್ಲ ಎಂದು ಹೇಳು ಅಮ್ಮನಿಗೆ.
ಬಿಟ್ಟದ್ದು. ಕಾಲಿಗೆ.

ನೋವಿನ ಮೊಣಕಾಲನ್ನೇ ಮಡಿಸಿ
ಆ ಖಾಲಿಯೊಳಗೆ ಹಿಮ್ಮಡಿ ಇಟ್ಟು ತೋರಿಸಿದ.
ದುಗ್ಗು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.
ಎಲೆಕಟ್ಟು ಕೆಳಗಿಟ್ಟಳು. ಚಪ್ಪಲಿ ಬಿಟ್ಟಳು.

ಮೇ ಕೊನೆಗೆ ಗ್ಯಾಲರಿ ಬಿಚ್ಚಿದರು,
ಅರ್ಧ ದುಡ್ಡು ಸಿಕ್ಕಿತಂತೆ.
ಹೋಗುವ ದಿನ ಬ್ಯಾಗು ಹೊತ್ತು ಬಂದು
ತನ್ನ ಹೆಸರಿನ ಅರ್ಥ ಹೇಳಿದ:
ಸಂತೋಷ ತಂದವನು.

ಸಾಲದ ಪುಸ್ತಕದಲ್ಲಿ ಇನ್ನೂ ಉಂಟು ಆ ಪುಟ,
ನನ್ನದೇ ಅಕ್ಷರ:
ಕಾಯೋದೆ, ಸ್ಪೀಕರು, ನೂರೆಂಬತ್ತು, ಬಾಕಿ.
ಹೊಡೆದು ಹಾಕಿಲ್ಲ.