ಕಂದಾಯ ಬರುತ್ತದೆ

ಮುಳಬಾಗಿಲು ಕಚೇರಿ ಮುಂದೆ, ಹೊಂಗೆ ನೆರಳಲ್ಲಿ
ಅರ್ಜಿಗೆ ಹೆಬ್ಬೆಟ್ಟೊತ್ತಿ, ಮಸಿಯನ್ನು
ಮರದ ಬೊಡ್ಡೆಗೆ ಒರೆಸುತ್ತ ಪಾಪಕ್ಕ ಕೇಳಿದಳು:
'ಅಲ್ಲ ಸ್ವಾಮಿ, ಅಷ್ಟು ದೂರ ಹೋಗಿ
ಏಳು ವರ್ಷ ಮಾಡಿದ್ದಾದರೂ ಏನು?'

ಲೆಕ್ಕ ನೋಡಿದೆ.
ನನ್ನದಲ್ಲ. ಆ ದೇಶದ್ದು. ಅದೂ ನಾನಲ್ಲ,
ನೋಡುವವರು ನೋಡಿ ಹೇಳಿದ್ದನ್ನು
ಮೂರು ಪ್ರತಿ ಟೈಪು ಮಾಡಿದೆ.

ತೆಹರಾನಿನ ಲೆಗೇಷನ್ನು, ಚಿನಾರ್ ಮರಗಳ ಸಾಲು.
ಪೆಂಬರ್ಟನ್ ಸಾಹೇಬ ಬೂಟು ಸವೆಸುತ್ತ ಹೇಳುವನು,
ನಾನು ಟಕಟಕ ಬಡಿಯುವೆನು:
ಸಕ್ಕರೆ ಸುಂಕ ಇಷ್ಟು, ಚಹಾ ಸುಂಕ ಇಷ್ಟು,
ಅದರಲ್ಲೇ ರೈಲು ಇಷ್ಟು ಮೈಲಿ ತೆವಳಿದೆ,
ದಂಡಿನ ಬಾಯಿಗೆ ಬೊಕ್ಕಸದ ಮೂರರಲ್ಲೊಂದು,
ನಿನ್ನೆಯ ಮಂತ್ರಿ ಇಂದು ಸೆರೆಮನೆಯಲ್ಲಿ,
ಪೇಟ ಬಿಚ್ಚಿಸಿ ಎಲ್ಲರಿಗೂ ಒಂದೇ ಅಚ್ಚಿನ ಟೋಪಿ.
'ಈ ವರ್ಷವೂ ನಮ್ಮಲ್ಲಿ ಸಾಲ ಕೇಳಿಲ್ಲ'
ಅನ್ನುವಾಗ ಮಾತ್ರ ಅವನ ದನಿಯಲ್ಲಿ
ಮದುವೆಗೆ ಕರೆಯದ ನೆಂಟನ ಬೇಸರ.

ಮೊದಲ ತಿಂಗಳು ನನಗೆ ದಿಗಿಲು. ಚಳಿ, ಹಿಮ,
ಬಾಯಿಗೆ ಹತ್ತದ ರೊಟ್ಟಿ, ಕಿವಿಗೆ ಹತ್ತದ ಮಾತು.
ಆಮೇಲೊಂದು ದಿನ ಅವರ ಹಣಕಾಸಿನ ಕಚೇರಿಯಿಂದ
ಉದ್ದನೆಯ ಕಾಗದ ಬಂತು. ಮುನ್ಷಿ ಓದಿದ,
ನಾನು ಬಡಿಯುವುದು ನಿಲ್ಲಿಸಿದೆ:
ದಫ್ತರ. ಖಜಾನೆ. ಜಮಾ. ಖರ್ಚು. ತಾರೀಖು. ಬಾಕಿ.

ಅಯ್ಯೋ, ಇದು ನಮ್ಮಪ್ಪನ ಭಾಷೆ!
ಆವಣಿ ಹೋಬಳಿಯ ಶಾನುಭೋಗ ಶಾಮಣ್ಣ
ಕಿವಿಗೆ ಲೆಕ್ಕಣಿಕೆ ಸಿಕ್ಕಿಸಿ, ಜಗುಲಿಯಿಂದ
ಊರ ಮೇಲೆ ಕಲ್ಲಿನ ಹಾಗೆ ಬೀರುತ್ತಿದ್ದ ಪದಗಳು
ಇಲ್ಲಿ ಎಷ್ಟು ಮೆತ್ತಗೆ, ಗುಲಾಬಿಯ ಅತ್ತರು ಹಚ್ಚಿಕೊಂಡು!
ಅರ್ಥ ಹೇಳಿದೆ. ಪೆಂಬರ್ಟನ್ ಹುಬ್ಬೇರಿಸಿದ.
'ನಿನಗೆ ಫಾರಸಿ ಬರುತ್ತದೆಯೇ?'
ಇಲ್ಲ ಸ್ವಾಮಿ, ಕಂದಾಯ ಬರುತ್ತದೆ.

ಅವರು ತಮ್ಮದೇ ಬ್ಯಾಂಕು ಕಟ್ಟಿದರು. ನೋಟು ಅಚ್ಚಿಸುವ ಹಕ್ಕು
ಇಂಗ್ಲಿಷರ ಬ್ಯಾಂಕಿನಿಂದ ಕಿತ್ತುಕೊಂಡರು.
ಹೊಸ ನೋಟನ್ನು ಕಿಟಕಿ ಬೆಳಕಿಗೆ ಹಿಡಿದು ಸಾಹೇಬ ಕೇಳಿದ:
'ಇದರ ಬೆನ್ನಿಗೆ ಬಂಗಾರ ಎಷ್ಟಿದೆ?'
ಬಂಗಾರ ಅಂದದ್ದೇ ತಡ, ನನಗೆ ಕಂಡದ್ದು
ಬೌರಿಂಗ್‌ಪೇಟೆ ಸ್ಟೇಷನ್ನು. ಗಣಿಯ ಕಡೆಯಿಂದ ಬಂದ
ಸಣ್ಣ ಪೆಟ್ಟಿಗೆಗಳು, ಬಂದೂಕಿನವರು, ಕೆಂಪು ಅರಗು.
ಟೀ ಮಾರುವ ಹುಡುಗ ಕೂಡ ತಿರುಗಿ ನೋಡುತ್ತಿರಲಿಲ್ಲ.
ಅಷ್ಟು ಹೋಗುತ್ತಿತ್ತು. ಯಾವ ಕಿಟಕಿಯಲ್ಲಿ ನಿಂತು
ಯಾರು ಕೇಳಿದರು, ಎಷ್ಟಿದೆ ಎಂದು?

ಅದೇ ಸಂಜೆ, ಕೈ ತಪ್ಪಿ
(ತಪ್ಪಿಯೇ ಅಂತ ಇಟ್ಟುಕೋ)
ಪರ್ಷಿಯಾ ಇರಬೇಕಾದಲ್ಲಿ ಮೈಸೂರು ಅಂತ ಬಡಿದೆ:
'ಮೈಸೂರಿನ ದೊರೆ ಚುರುಕು, ಖರ್ಚಿನ ಕೈ ತುಸು ಉದ್ದ,
ಅಣೆಕಟ್ಟು, ದೀಪ, ಕಾರ್ಖಾನೆಯ ಹಂಬಲ,
ಜನ ಸಹಿಸುತ್ತಾರೆ, ಕಣ್ಣಿಟ್ಟಿರುವುದು ಒಳ್ಳೆಯದು.'
ಸಾಹೇಬ ಕನ್ನಡಕ ಏರಿಸಿ ಕೊನೆವರೆಗೂ ಓದಿ
ಒಂದು ಅಲ್ಪವಿರಾಮ ತಿದ್ದಿ ಸಹಿ ಹಾಕಿದ.
ಎರಡು ತಿಂಗಳಿಗೆ ಲಂಡನ್ನಿನಿಂದ ಉತ್ತರ:
ವರದಿ ತಲುಪಿದೆ. ಬಹಳ ಉಪಯುಕ್ತ.

ಪಾಪಕ್ಕ ನಗಲಿಲ್ಲ. ಅವಳ ಚಿಂತೆ ಬೇರೆ.
ಸಂತೆಯಲ್ಲಿ ಬೆಲ್ಲದ ಗುಡ್ಡೆಗೆ ಸುಂಕ ಏರಿಸಿದ್ದಾರೆ,
ಪೇಟೆ ಬೀದಿಗೆ ಕರೆಂಟು ಕಂಬ ನೆಡಬೇಕಂತೆ.
ಅವಳ ಮನೆ ಇರುವುದು ಪೇಟೆ ಬೀದಿಯಲ್ಲಲ್ಲ.
ಬಿಟ್ಟ ಕಾಸನ್ನು ತೆಲುಗಿನಲ್ಲಿ ಎಣಿಸಿ
ಮುನಿಸಿಪಾಲಿಟಿಯನ್ನು ಕನ್ನಡದಲ್ಲಿ ಬೈದು ಕೇಳಿದಳು:
'ಆ ಊರಲ್ಲಿ ಸಕ್ಕರೆ ಕೊಂಡವರು
ಒಬ್ಬರಾದರೂ ಆ ರೈಲು ಹತ್ತಿದರಾ ಸ್ವಾಮಿ?'

ನಾನು ಪೆನ್ನಿನ ಮೂತಿ ಒರೆಸಿದೆ, ಮತ್ತೆ ಒರೆಸಿದೆ.
ಏಳು ವರ್ಷ, ಮೂರು ಪ್ರತಿ,
ಆ ಕಾಲಮ್ಮು ಎಲ್ಲೂ ಇರಲಿಲ್ಲ.

ಎರಡಾಣೆ ಕೊಡಬೇಕಿತ್ತು. ಮಡಿಲಿನಿಂದ
ಬೆಲ್ಲದ ಅಚ್ಚೊಂದು ತೆಗೆದು ಅರ್ಜಿಯ ಮೇಲಿಟ್ಟು ಎದ್ದಳು.
'ಇದಕ್ಕೆ ಸುಂಕ ಕಟ್ಟಿಲ್ಲ,
ಯಾರಾದರೂ ಬರುವ ಮುಂಚೆ ತಿಂದುಬಿಡಿ.'