ಟ್ರ್ಯಾಕ್ಟರ್ ಚಾಲಕನ ಹೇಳಿಕೆ

ಬರೆದುಕೊಳ್ಳಿ ಸಾರ್.
ಹೆಸರು ಬೆಳ್ಯಪ್ಪ. ಊರು ಇದೇ ನರಿಮೊಟ್ಟೆ.
ಹನ್ನೆರಡು ವರ್ಷದಿಂದ ಪೇಟೆಯ ಕಸ ತಂದು
ನನ್ನೂರಿಗೇ ಸುರಿಯುವುದು ಕೆಲಸ.
ಎರಡೆರಡು ಸಲ ಸೋಪು ಹಚ್ಚಿ ಮಿಂದರೂ
ಉಣ್ಣಲು ಕೂತಾಗ ಮಗಳು
ತಟ್ಟೆ ಹಿಡಿದು ಆಚೆ ಸರಿಯುತ್ತಾಳೆ.
ಅದನ್ನು ಬರೆಯಬೇಡಿ.

ಮೊದಲು ಎರಡು ಎಕರೆ ಇತ್ತು.
ಕಾಫಿ ಹೂ ಬಿಡುವ ಎಂಟು ದಿನ
ನಾತ ತಿಳಿಯುತ್ತಿರಲಿಲ್ಲ; ಊರಿನವರು
ಆ ಎಂಟು ದಿನದ ಮೇಲೆ ಹೇಗೋ ವರ್ಷ ತಳ್ಳಿದರು.
ಈಗ ಹನ್ನೊಂದು ಎಕರೆ ಬೇಕಂತೆ.
ಸರ್ವೆಯವರು ಬಂದು ಮತ್ತಿಗೂ ನಂದಿಗೂ
ಕೆಂಪು ಬಣ್ಣ ಬಳಿದರು.
'ಪೈಸಾರಿ ಅಂದರೆ ಯಾರದ್ದೂ ಅಲ್ಲ' ಎಂದರು.
ಅಲ್ಲಿಯ ಸೌದೆಯಲ್ಲೇ ಅಮ್ಮ ನನಗೆ ನೀರು ಕಾಯಿಸಿದ್ದು.
ಅಲ್ಲಿಯ ತೋಡಿನಲ್ಲೇ ಏಡಿಯ ಪೊಟರೆಗೆ ಕೈಹಾಕಿ
ನಾನು ಕಿರುಬೆರಳ ಉಗುರು ಕಳಕೊಂಡದ್ದು.
ಯಾರದ್ದೂ ಅಲ್ಲ ಅಂದರೆ ಎಷ್ಟು ಜನರದ್ದು ಅಂತ
ನಕ್ಷೆ ಓದುವವನಿಗೆ ಹೇಗೆ ಹೇಳುವುದು?

ಕಾವೇರಿ ಸಂಕ್ರಮಣ ಕಳೆದ ವಾರ ಒಂಟಿಸಲಗ ಬಂದಿತ್ತು.
ಲದ್ದಿಯಲ್ಲಿ ಚಿಪ್ಸಿನ ಪೊಟ್ಟಣ, ಇಡಿಯಾಗಿ.
ಬೆಲೆ ಕೂಡ ಓದಬಹುದಿತ್ತು.

ಸರಿ, ವಿಷಯಕ್ಕೆ ಬರುತ್ತೇನೆ.
ಮಂಗಳವಾರ, ಬೆಳಿಗ್ಗೆ ಆರೂ ಮುಕ್ಕಾಲು.
ತೋಡಿನ ತಿರುವಿನಲ್ಲಿ ರಸ್ತೆಯುದ್ದಕ್ಕೂ ಟಾರ್ಪಾಲು,
ಟಾರ್ಪಾಲಿನ ತುಂಬ ಕಾಳುಮೆಣಸು.
ಕಲ್ಲಿಟ್ಟಿದ್ದರೆ ಸರಿಸುತ್ತಿದ್ದೆ.
ಮರ ಉರುಳಿಸಿದ್ದರೆ ಅರಣ್ಯದವರು ಬರುತ್ತಿದ್ದರು.
ಮೆಣಸಿನ ಮೇಲೆ ಚಕ್ರ ಹತ್ತಿಸುವ ಗಂಡಸು
ಈ ಜಿಲ್ಲೆಯಲ್ಲಿ ಹುಟ್ಟಿಲ್ಲ ಸಾರ್.
'ಒಣಗಿಸ್ತಾ ಇದ್ದೇವೆ' ಎಂದಳು ಚೋಂದವ್ವ, ಮೊರ ಕೊಡವುತ್ತಾ.
'ನಮ್ಮ ಕಣದಲ್ಲಿ ನೊಣ.'

ಅವಳ ಪಕ್ಕ ಕುಂಞಾಯಿಶ, ಲೈನ್‌ಮನೆಯ ಬೊಳಕಿ,
ನಡುವೆ ಒಂದೇ ಚೊಂಬು ನೀರು.
ಮೂವರೂ ಅದರಲ್ಲೇ ಕುಡಿದದ್ದನ್ನು
ನಾನು ಮೊದಲ ಸಲ ನೋಡಿದ್ದು.
ಇದನ್ನು ಬೇಕಾದರೆ ಬರೆದುಕೊಳ್ಳಿ.

ಹತ್ತು ಗಂಟೆಗೆ ಹುಡುಗರು ಟ್ರೇಲರ್ ಹತ್ತಿದರು,
ಯಾರ ಕಸ ಅಂತ ನೋಡೇಬಿಡೋಣ ಅಂತ.
ನೀರಿನ ಬಾಟಲಿ, ಡಯಾಪರ್, ಕೋಳಿಯ ಎಲುಬು,
ಯಾರದೋ ಹನಿಮೂನಿನ ಗಾಳಿಯಿಳಿದ ಬಲೂನು,
ಒದ್ದೆಯಾದ ಒಂದು ರಸೀದಿ ಪುಸ್ತಕ.
ಗಟ್ಟಿಯಾಗಿ ಓದತೊಡಗಿದ ಹುಡುಗ
ಹೋಂಸ್ಟೇ ಹೆಸರು ಬಂದಲ್ಲಿ ನಿಂತ.
ಚೋಂದವ್ವನ ಮೈದುನನದ್ದು.

ಯಾರೂ ಉಸಿರೆತ್ತಲಿಲ್ಲ.
ಅವಳು ಮೆಣಸಿನಲ್ಲಿ ಕೈಯಾಡಿಸುತ್ತಲೇ ಇದ್ದಳು, ಬಹಳ ಹೊತ್ತು.
ಆಮೇಲೆ, 'ಆ ಮೂಟೆ ಇಲ್ಲಿಡು' ಎಂದಳು,
'ಸಂಜೆ ಅವನ ಜಗಲಿಗೆ ನಾನೇ ಹೊತ್ತು ಹಾಕ್ತೇನೆ.'

ಮೂರಕ್ಕೆ ನಿಮ್ಮ ಜೀಪು ಬಂತು. ಅದು ನಿಮಗೇ ಗೊತ್ತು.
ನಾಲ್ಕಕ್ಕೆ ಮಳೆ.
ಹೂಮಳೆ ಸಾರ್, ತಿಂಗಳಿಂದ ಇಡೀ ಕೊಡಗು
ಕತ್ತೆತ್ತಿ ಬೇಡುತ್ತಿದ್ದ ಮಳೆ,
ಬರಬಾರದ ಹೊತ್ತಿಗೆ ಬಂತು.
ಹೆಂಗಸರು ಎದ್ದರು.
ಅಡ್ಡ ಹಾಸಿದ್ದನ್ನು ತಾವೇ ಬಾಚಿ ಎತ್ತಬೇಕು.
ಒಂದೊಂದೇ ಟಾರ್ಪಾಲು ಮಡಚಿಕೊಂಡಂತೆ
ರಸ್ತೆ ತೆರೆದುಕೊಳ್ಳುತ್ತಾ ಬಂತು.
'ಈಗ ಬಿಡು ಗಾಡಿ' ಎಂದಿರಿ ನೀವು, ಕೊಡೆಯೊಳಗಿಂದ.

ಕೇಳಿಸಿತು.
ಕೇಳಿಸಲಿಲ್ಲ ಎಂದು ನಾನು ಹೇಳುವುದಿಲ್ಲ.
ಗಾಡಿ ಕೆಟ್ಟಿರಲಿಲ್ಲ, ಡೀಸೆಲ್ ಇತ್ತು,
ಅವೆಲ್ಲ ಬರೆದುಕೊಳ್ಳಿ.
ಆದರೆ ಕೊನೆಯ ಟಾರ್ಪಾಲಿಗೆ ನಾಲ್ಕು ಮೂಲೆ,
ಹಿಡಿದವರು ಮೂವರು.
ನಾನು ಇಳಿದು ನಾಲ್ಕನೆಯದನ್ನು ಹಿಡಿದಿದ್ದೆ.

ಕೀಲಿಯೇ?
ಮೆಣಸಿನೊಳಗೆ ಬಿದ್ದಿರಬೇಕು ಸಾರ್.
ಬಿಸಿಲು ಬರಲಿ,
ಮತ್ತೆ ಹರವುವಾಗ ಹುಡುಕುತ್ತಾರಂತೆ.